ಧಾರೆ ಹೊತ್ತಿಗೆ ನಿಲ್ಲುತ್ತಿದ್ದ ಡಿವಿಡಿ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಪುಟ್ಟ ವಿಡಿಯೊ ಮಿಕ್ಸಿಂಗ್ ಅಂಗಡಿ ಇತ್ತು. ಮದುವೆ, ನಾಮಕರಣ, ಊರ ಹಬ್ಬ, ಹೀಗೆ ಏನು ಬಂದರೂ ಎಡಿಟ್ ಮಾಡಿ ಡಿವಿಡಿ ಹೊಡೆದು ಕೊಡುತ್ತಿದ್ದೆ. ಎಡಿಟಿಂಗ್‌ಗೆ ಬೈದವರು ಕಡಿಮೆ. ಬೈಸಿಕೊಂಡಿದ್ದೆಲ್ಲ ಡಿವಿಡಿ ವಿಷಯಕ್ಕೇ.

2009ರಲ್ಲಿ ಪಾಂಡವಪುರ ಕಡೆಯ ಗೌಡರೊಬ್ಬರ ಮಗಳ ಮದುವೆ. ಹನ್ನೆರಡು ಕಾಪಿ ಕೊಟ್ಟಿದ್ದೆ. ವಾರ ಕಳೆದ ಮೇಲೆ ಗೌಡರು ಅಷ್ಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದು ಟೇಬಲ್ ಮೇಲಿಟ್ಟರು.

"ಏನಪ್ಪಾ, ದುಡ್ಡು ಎಣಿಸ್ಕಂಡು ಧಾರೆನೇ ನುಂಗ್ಬುಟ್ಟಿದ್ದೀಯಲ್ಲ?"

ಚಪ್ಪರ ಬರುತ್ತದೆ, ಅರಿಶಿನ ಬರುತ್ತದೆ, ರಿಸೆಪ್ಷನ್ ಪೂರ್ತಿ ಬರುತ್ತದೆ. ಧಾರೆ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕವಾಗಿ ಒಡೆದು ಸ್ಟ್ರಕ್ ಆಗುತ್ತದೆ. ಅವರ ಮನೆಯಲ್ಲೂ ಹಾಗೇ, ಬೀಗರ ಮನೆಯಲ್ಲೂ ಹಾಗೇ. ನಾನು ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ತಾಳಿ ಕಟ್ಟೋದೂ ಬಂತು, ಬೀಗರೂಟವೂ ಬಂತು. "ನಿಮ್ಮ ಪ್ಲೇಯರ್ ಲೆನ್ಸ್ ವೀಕ್ ಆಗಿದೆ ಗೌಡ್ರೆ" ಅಂದೆ. ಆ ದಂಧೆಯಲ್ಲಿದ್ದ ನಾವೆಲ್ಲ ಮೊದಲು ಹೇಳುತ್ತಿದ್ದ ಮಾತೇ ಅದು. ಗೌಡರು ಮಾತಾಡಲಿಲ್ಲ. ಮಾರನೇ ದಿನ ಪ್ಲೇಯರನ್ನೇ ಟವೆಲ್‌ನಲ್ಲಿ ಸುತ್ತಿಕೊಂಡು ಬಂದು ಕೊಟ್ಟು ಹೋದರು. ಅದು ನನ್ನ ಪುಣ್ಯ. ಕೈಕೊಡುವ ಪ್ಲೇಯರ್ ಎದುರಿಗಿಲ್ಲದೆ ಏನು ಹುಡುಕಿದರೂ ಬರೀ ಊಹೆ.

ಮೊದಲು ಅದಕ್ಕೆ ಅಂಗಡಿಯಲ್ಲಿದ್ದ ಹಳೇ ಡಿವಿಡಿ ಒಂದನ್ನು ಹಾಕಿದೆ. ಅದೂ ನಾನೇ ಹೊಡೆದದ್ದು, ಎರಡು ವರ್ಷ ಹಿಂದಿನದು, ಅದೂ ತುಂಬಿದ ಡಿಸ್ಕೇ. ಕೊನೆವರೆಗೂ ಚೆನ್ನಾಗಿ ಓಡಿತು. ಅಲ್ಲಿಗೆ ಲೆನ್ಸ್ ಮೇಲೆ ಹಾಕಿದ ತಪ್ಪು ನನ್ನ ತಲೆಗೇ ಬಂತು. ಆಮೇಲೆ ಗೌಡರ ಡಿವಿಡಿಯನ್ನು ಗೆಳೆಯನ ಲ್ಯಾಪ್‌ಟಾಪಿಗೆ ಹಾಕಿ ಫೈಲ್ ಕಾಪಿ ಮಾಡಲು ನೋಡಿದೆ. ಮುಕ್ಕಾಲು ಭಾಗ ಸರಾಗವಾಗಿ ಬಂದು, ಅಲ್ಲಿಂದ ಗರ್‌ರ್ ಅಂತ ನಿಧಾನವಾಗಿ, ಕೊನೆಗೆ ಓದಲು ಆಗಲ್ಲ ಅಂತ ನಿಂತುಬಿಟ್ಟಿತು. ಡಿಸ್ಕ್ ಬರೆದ ಡ್ರೈವ್, ಅಂದರೆ ರೈಟರ್, ತನ್ನ ಅಕ್ಷರವನ್ನು ತಾನು ಓದಿಕೊಳ್ಳುತ್ತದೆ, ಅಷ್ಟೇ. ಅದರಲ್ಲೇ ವೆರಿಫೈ ಮಾಡಿ ಖುಷಿಪಡೋದರಲ್ಲಿ ಅರ್ಥವಿಲ್ಲ ಅಂತ ಅವತ್ತು ಗೊತ್ತಾಯಿತು. ಕಂಪ್ಯೂಟರ್ ಡ್ರೈವ್ ಓದಲಾಗದ ಜಾಗಕ್ಕೆ ನಿಧಾನ ಮಾಡಿ ಮತ್ತೆ ಮತ್ತೆ ಹೋಗಿ ನೋಡುತ್ತದೆ. ಟಿವಿ ಪಕ್ಕದ ಪ್ಲೇಯರಿಗೆ ಆ ಪುರುಸೊತ್ತು ಎಲ್ಲಿ? ಸೆಕೆಂಡಿಗೆ 25 ಚಿತ್ರ ಕೊಡಲೇಬೇಕಲ್ವಾ.

ಆದರೆ ಧಾರೆಯಲ್ಲೇ ಯಾಕೆ? ಡಿಸ್ಕನ್ನು ತಿರುಗಿಸಿ ಹಿಡಿದು ನೋಡಿದಾಗ ಹೊಳೆಯಿತು. ಡಿವಿಡಿಯನ್ನು ಬರೆಯೋದು ನಡುವಿನ ತೂತಿನ ಕಡೆಯಿಂದ ಹೊರಗಿನ ಅಂಚಿನ ಕಡೆಗೆ. ನಮ್ಮ ಕಡೆ ಮದುವೆಯಲ್ಲಿ ರಿಸೆಪ್ಷನ್ ಹಿಂದಿನ ರಾತ್ರಿ, ಧಾರೆ ಬೆಳಗ್ಗೆ. ಎರಡು ಗಂಟೆಯ ವಿಡಿಯೊ ತುಂಬಿದ ಡಿಸ್ಕಿನಲ್ಲಿ ಧಾರೆ ಬಂದು ಕೂರೋದು ಅಂಚಿನಿಂದ ಒಂದು ಬೆರಳಗಲದೊಳಗೆ. ಇನ್ನು 16 ಎಕ್ಸ್, ಅಂದರೆ ಮೂಲ ವೇಗದ 16 ಪಟ್ಟು, ಅಂತ ಡಬ್ಬದ ಮೇಲೆ ಬರೆದಿರುವ ವೇಗ ಶುರುವಿನಿಂದ ಇರುವುದಿಲ್ಲ. ಒಳಗೆ ಆರೇಳು ಎಕ್ಸ್‌ನಲ್ಲಿ ಶುರುವಾಗಿ, ಅಂಚಿಗೆ ಹೋಗುತ್ತಾ 16 ಮುಟ್ಟುತ್ತದೆ. ಡಿಸ್ಕ್ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಸುತ್ತು ಸುತ್ತುತ್ತಿರುತ್ತದೆ. ಅಂದರೆ ರಿಸೆಪ್ಷನ್ ಹಾಡನ್ನು ನಿಧಾನಕ್ಕೆ ಬರೆದು, ಧಾರೆಯನ್ನು ಓಡೋಡಿ ಬರೆದಿದ್ದೆ.

ಅದರ ಮೇಲೆ ನನ್ನದೇ ಇನ್ನೊಂದು ಜಾಣತನ. ವಧು ವರರ ಫೋಟೊ ಇರುವ ದುಂಡನೆಯ ಪೇಪರ್ ಸ್ಟಿಕ್ಕರ್. ಕೈಯಲ್ಲಿ ಅಂಟಿಸೋದು, ಒಂದು ಕೂದಲೆಳೆ ಆಚೀಚೆ ಆಗದೆ ಇರುತ್ತದಾ? ಭಾರ ಒಂದು ಕಡೆಗೆ ವಾಲಿದರೆ ಡಿಸ್ಕ್ ತಿರುಗುವಾಗ ಅಂಚು ಅದುರುತ್ತದೆ. ಅಂಟು ಒಣಗುತ್ತಾ ಡಿಸ್ಕನ್ನು ಸ್ವಲ್ಪ ಬಗ್ಗಿಸುತ್ತದೆ ಕೂಡ. ಸಿಡಿ ಇದನ್ನೆಲ್ಲ ಸಹಿಸಿಕೊಳ್ಳುತ್ತಿತ್ತು. ಡಿವಿಡಿಯ ಗೆರೆಗಳು ಇನ್ನೂ ಒತ್ತೊತ್ತಾಗಿರುವುದರಿಂದ ಸಹಿಸುವುದಿಲ್ಲ. ಕಿತ್ತು ನೋಡೋಣ ಅಂತ ಒಂದರ ಸ್ಟಿಕ್ಕರ್ ಎಬ್ಬಿಸಲು ಹೋಗಿ ಡಿಸ್ಕೇ ಬಗ್ಗಿತು. ಒಮ್ಮೆ ಅಂಟಿಸಿದರೆ ಮುಗೀತು, ಕೀಳಬೇಡಿ.

ಸ್ಟಿಕ್ಕರ್ ಇಲ್ಲದೆ, ಅದೇ ಡಬ್ಬದ ಇನ್ನೊಂದು ಡಿಸ್ಕ್ ಹೊಡೆದೆ. ಈ ಸಲ ಧಾರೆ ದಾಟಿ ಬೀಗರೂಟದಲ್ಲಿ ನಿಂತಿತು. ಸ್ವಲ್ಪ ವಾಸಿ, ಪೂರ್ತಿ ಇಲ್ಲ. ಇನ್ನೂ ಏನೋ ಉಳಿದಿತ್ತು.

ಅದು ಸಿಕ್ಕಿದ್ದು ಇಮ್ಗ್‌ಬರ್ನ್ ಅನ್ನೋ ಡಿಸ್ಕ್ ಬರೆಯುವ ಸಾಫ್ಟ್‌ವೇರ್‌ನಲ್ಲಿ. ಖಾಲಿ ಡಿಸ್ಕ್ ಹಾಕಿದರೆ ಬಲಗಡೆ ಡಿಸ್ಕ್ ಐಡಿ ಅಂತ ಒಂದು ಸಾಲು ತೋರಿಸುತ್ತದೆ. ಡಬ್ಬದ ಮೇಲಿನ ಹೆಸರು ಮಾರುವವರದ್ದು, ಈ ಐಡಿ ಮಾತ್ರ ಡಿಸ್ಕನ್ನು ನಿಜವಾಗಿ ತಯಾರಿಸಿದವರದ್ದು. ಎರಡು ವರ್ಷದ ಹಿಂದಿನ ಡಬ್ಬ, ಈಗಿನ ಡಬ್ಬ, ಎರಡರ ಮೇಲೂ ಒಂದೇ ಹೆಸರು, ಒಂದೇ ಬಣ್ಣ. ಐಡಿ ಬೇರೆ ಬೇರೆ! ಬೆಂಗಳೂರಿನ ಎಸ್.ಪಿ. ರೋಡಿನಿಂದ 50ರ ಡಬ್ಬ ತರುವಾಗ ನಾನು ನೋಡುತ್ತಿದ್ದದ್ದು ಬರೀ ಹೆಸರು ಮತ್ತು ರೇಟು. ರೈಟರ್‌ಗೆ ಆ ಹೆಸರು ಬೇಕಿಲ್ಲ. ಅದು ಐಡಿ ಓದಿ, ತನ್ನ ಫರ್ಮ್‌ವೇರ್, ಅಂದರೆ ರೈಟರ್ ಒಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಒಳಗಿನ ಪಟ್ಟಿಯಲ್ಲಿ ಹುಡುಕಿ, ಈ ಡಿಸ್ಕಿಗೆ ಲೇಸರ್ ಎಷ್ಟು ಜೋರಾಗಿ, ಎಷ್ಟು ಹೊತ್ತು ಬಿಡಬೇಕು ಅಂತ ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಅಂದಾಜಿನ ಮೇಲೆ ಬರೆಯುತ್ತದೆ. ಗೊತ್ತಿಲ್ಲದ ಊರಿನ ಅಕ್ಕಿಗೆ ಅಳತೆ ಕೇಳದೆ ನೀರು ಇಟ್ಟ ಹಾಗೆ.

ರೈಟರ್ ಕಂಪನಿಯ ಸೈಟಿನಿಂದ ಹೊಸ ಫರ್ಮ್‌ವೇರ್ ಇಳಿಸಿ ಹಾಕಿದೆ. ಯುಪಿಎಸ್ ಚಾರ್ಜ್ ನೋಡಿಕೊಂಡೇ ಹಾಕಿದೆ, ನಡುವೆ ಕರೆಂಟ್ ಹೋದರೆ ರೈಟರೇ ಹೋಗುತ್ತದೆ. ಆಮೇಲೆ 8 ಎಕ್ಸ್‌ನಲ್ಲಿ ಹೊಡೆದೆ. ಕಡಿಮೆ ಅಂದರೆ ಒಳ್ಳೆಯದು ಅಂತ 2 ಎಕ್ಸ್‌ಗೆ ಇಳಿಯುವವರಿದ್ದಾರೆ. ಅದೂ ಬೇಡ, 16 ಎಕ್ಸ್ ಡಿಸ್ಕಿನ ಬಣ್ಣದ ಪದರ ಅಷ್ಟು ನಿಧಾನಕ್ಕೆ ಅಂತ ಮಾಡಿದ್ದಲ್ಲ. ನೀರೋ ಅನ್ನೋ ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಜೊತೆ ಬರುತ್ತಿದ್ದ ಪರೀಕ್ಷೆಯಲ್ಲಿ ಗ್ರಾಫ್ ಹಾಕಿ ನೋಡಿದೆ. ಪಿಐ ದೋಷ, ಅಂದರೆ ಡಿಸ್ಕ್ ಓದುವಾಗ ಸಿಗುವ ತಪ್ಪುಗಳ ಎಣಿಕೆ, 280ರೊಳಗೆ ಇರಬೇಕು. ಮೊದಲು ಕೊಟ್ಟಿದ್ದ ಕಾಪಿಯ ಗೆರೆ ಮೂರು ಜಿಬಿವರೆಗೆ ನೆಲ ಹಿಡಿದು, ಆಮೇಲೆ ಚಾಮುಂಡಿಬೆಟ್ಟ ಹತ್ತಿತ್ತು. ಹೊಸದು ಕೊನೆಯಲ್ಲಿ ಸ್ವಲ್ಪ ತಲೆ ಎತ್ತಿತು, ಅಷ್ಟೇ. ಗೌಡರ ಪ್ಲೇಯರಿನಲ್ಲಿ ಬೀಗರೂಟದ ಕೊನೆ ಪಂಕ್ತಿವರೆಗೂ ಓಡಿತು. ವಿಡಿಯೊವನ್ನೂ ಸ್ವಲ್ಪ ಕುಗ್ಗಿಸಿ, ಅಂಚಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟು ಹನ್ನೆರಡನ್ನೂ ಹೊಸದಾಗಿ ಹೊಡೆದು ಕೊಟ್ಟೆ. ಕೆಟ್ಟವನ್ನು ಬಿಸಾಕಲು ಹೋದರೆ ಗೌಡರು ಬಿಡಲಿಲ್ಲ. "ಇತ್ಲಾಗ್ ಕೊಡು, ಗದ್ದೆಗೆ ಕಟ್ತೀನಿ, ಹಕ್ಕಿ ಓಡ್ತವೆ" ಅಂದರು.

ಖಾಲಿ ಡಿವಿಡಿಯಲ್ಲಿ ಪ್ಲಸ್ ಆರ್, ಮೈನಸ್ ಆರ್ ಅಂತ ಎರಡು ಜಾತಿ, ಆ ಗೊಂದಲವೂ ನನಗೆ ಕಾಟ ಕೊಟ್ಟಿದೆ. ಕೆಲವು ಹಳೇ ಪ್ಲೇಯರ್‌ಗಳು ಪ್ಲಸ್ ಆರ್ ಹಾಕಿದರೆ "ನೋ ಡಿಸ್ಕ್" ಅನ್ನುತ್ತವೆ. ಡಿಸ್ಕ್ ಕೆಟ್ಟಿರುವುದಿಲ್ಲ. ಅದರ ಶುರುವಿನಲ್ಲಿ ತಾನು ಎಂಥ ಡಿಸ್ಕ್ ಅಂತ ಹೇಳುವ ಗುರುತಿಗೆ ಬುಕ್‌ಟೈಪ್ ಅನ್ನುತ್ತಾರೆ. ರೈಟರ್ ಒಪ್ಪಿದರೆ ಬರೆಯುವ ಮೊದಲು ಅದನ್ನು ಡಿವಿಡಿ ರೋಮ್ ಅಂತ ಬದಲಿಸಬಹುದು. ಆಗ ಪ್ಲೇಯರ್ ಅದನ್ನು ಅಂಗಡಿಯಲ್ಲಿ ಸಿಗುವ ಒರಿಜಿನಲ್ ಡಿಸ್ಕ್ ಅಂದುಕೊಂಡು ಓದುತ್ತದೆ. ಮೈನಸ್ ಆರ್‌ಗೆ ಈ ಉಪಾಯ ನಡೆಯುವುದಿಲ್ಲ. ಇನ್ನೊಂದು ಸಣ್ಣ ಕಿರಿಕಿರಿ: ಮೈನಸ್ ಆರ್‌ನಲ್ಲಿ 4,70,73,19,808 ಬೈಟ್ ಹಿಡಿಯುತ್ತದೆ, ಪ್ಲಸ್ ಆರ್‌ನಲ್ಲಿ 4,70,03,72,992. ಮೈನಸ್‌ಗೆ ಅಂತ ಒತ್ತಿ ತುಂಬಿದ ಇಮೇಜ್, ಅಂದರೆ ಇಡೀ ಡಿಸ್ಕಿನ ಫೈಲ್, ಪ್ಲಸ್‌ನಲ್ಲಿ ಹಿಡಿಸದೆ ರಾತ್ರಿ ಹನ್ನೊಂದಕ್ಕೆ ಮತ್ತೆ ಎನ್‌ಕೋಡ್‌ಗೆ ಹಾಕಿ ಕೂತಿದ್ದೇನೆ.

ಭಜನೆ ಮಂಡಳಿಯವರಿಗೆ ಒಮ್ಮೆ ಅಳಿಸಿ ಬರೆಯುವ ಸಿಡಿಯಲ್ಲಿ ಹಾಡು ಹಾಕಿಕೊಟ್ಟೆ. ಅವರ ಹಳೇ ಪ್ಲೇಯರ್ ಮುಟ್ಟಲೇ ಇಲ್ಲ. ಮಾಮೂಲಿ ಸಿಡಿ ಬೆಳಕನ್ನು ತಿರುಗಿಸುವುದರ ಮೂರನೇ ಒಂದು ಪಾಲೂ ಅದು ತಿರುಗಿಸುವುದಿಲ್ಲ, ಹಳೇ ಪ್ಲೇಯರಿಗೆ ಕತ್ತಲೆಯೇ. ಸುಮ್ನೆ ಮಾಮೂಲಿ ಬ್ಲಾಂಕ್ ಸಿಡಿಗೆ ಹಾಕಿ, ಫೈನಲೈಜ್ ಮಾಡಿ, ಅಂದರೆ ಬರೆಯೋದನ್ನು ಮುಗಿಸಿ ಮುಚ್ಚಿ ಕೊಟ್ಟೆ, ಹಾಡಿತು.

ಅಂಗಡಿ ಮುಚ್ಚಿ ವರ್ಷಗಳಾದವು. ಹೋದ ವರ್ಷ ಆ ಗೌಡರ ಮಗಳೇ ಬಂದಿದ್ದರು, ಜೊತೆಗೆ ಎತ್ತರಕ್ಕೆ ಬೆಳೆದ ಮಗ. ನಾನು ಕೊಟ್ಟಿದ್ದ ಡಿವಿಡಿ ಕೈಯಲ್ಲಿತ್ತು. "ಅಣ್ಣ, ಇದನ್ನ ಪೆನ್‌ಡ್ರೈವ್‌ಗೆ ಹಾಕಿಕೊಡ್ತೀರಾ? ಮನೇಲಿ ಪ್ಲೇಯರ್ರೇ ಇಲ್ಲ." ಡಿಸ್ಕಿನ ಅಂಚು ಮಾಸಿತ್ತು. ಒಂದು ಡ್ರೈವಿನಲ್ಲಿ ಓದಿಸಿದೆ, ಅಲ್ಲಲ್ಲಿ ಬಿಟ್ಟಿತು. ಲಿನಕ್ಸ್‌ನಲ್ಲಿ ಕೆಟ್ಟ ಡಿಸ್ಕಿನಿಂದ ಫೈಲ್ ಎತ್ತಿಕೊಡುವ ಡಿಡಿರೆಸ್ಕ್ಯೂ ಹಾಕಿ, ಬಿಟ್ಟ ಜಾಗದ ಲೆಕ್ಕವನ್ನು ಮ್ಯಾಪ್ ಫೈಲಿನಲ್ಲಿ ಇಟ್ಟುಕೊಂಡು, ಅದೇ ಫೈಲ್ ಕೊಟ್ಟು ಇನ್ನೊಂದು ಡ್ರೈವಿನಲ್ಲಿ ಓಡಿಸಿದೆ. ಮೊದಲನೆಯದಕ್ಕೆ ಕಾಣದ ಎಷ್ಟೋ ಜಾಗ ಎರಡನೆಯದಕ್ಕೆ ಕಂಡಿತು. ರಾತ್ರಿಯಿಡೀ ಓಡಿ ಬೆಳಗ್ಗೆ ಮುಗಿಯಿತು. ಹುಡುಗ ಪಕ್ಕದಲ್ಲಿ ನಿಂತು ಅಪ್ಪನ ಮೀಸೆ ನೋಡಿ ನಗುತ್ತಿದ್ದ. ಧಾರೆ ಪೂರ್ತಿ ಬಂತು. ಹೋಗಿದ್ದು ಬೀಗರೂಟದ ಕೊನೆ ಪಂಕ್ತಿ ಮಾತ್ರ.