ಸೆಸ್ನಾ 172: ಮುಂಚಕ್ರ ಕುಟ್ಟಿ ಇಳಿದ ಮೇಲೆ

ಈ ಸಣ್ಣ ವಿಮಾನದಲ್ಲಿ ಮೊದಲು ಫೈರ್‌ವಾಲ್, ಅಂದರೆ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ, ನೋಡಿ. ಎಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿ ಟಾರ್ಚನ್ನು ತಗಡಿಗೆ ಓರೆಯಾಗಿ ಹಿಡಿದರೆ ಸುಕ್ಕು ನೆರಳಾಗಿ ಎದ್ದು ಕಾಣುತ್ತದೆ. ಕಷ್ಟವಾದರೂ ಒಳಗಿನಿಂದ, ಪೆಡಲ್‌ಗಳ ಆಚೆಗೂ ತಲೆ ತೂರಿಸಿ ನೋಡಿ. ತಗಡು ಜೋಡಿಸುವ ರಿವೆಟ್ ಸುತ್ತ ಕಪ್ಪು ಮಸಿ ಇಳಿದಿದ್ದರೆ ಆ ರಿವೆಟ್ ಸಡಿಲಗೊಂಡು ಉಜ್ಜುತ್ತಿದೆ. ಬಣ್ಣ ಬಳಿದು ಮುಚ್ಚಬೇಡಿ. ಪ್ರೊಪೆಲರ್ ನೆಲಕ್ಕೆ ತಾಗಿದ್ದರೆ ಎಂಜಿನ್ ತಪಾಸಣೆಯೂ ಆಗಲೇಬೇಕು.

ಹೊರಮೈ ತೇಪೆಗೆ ಮೂಲ ತಗಡಿನದೇ ಮಿಶ್ರಲೋಹ ಬಳಸಿ. ದಪ್ಪ ಅದಕ್ಕಿಂತ ಕಡಿಮೆ ಇರಕೂಡದು. 3.2 ಮಿ.ಮೀ. ವ್ಯಾಸದ ರಿವೆಟ್‌ಗೆ ರಂಧ್ರದ ನಡುವಿನಿಂದ ಅಂಚಿಗೆ ಕನಿಷ್ಠ 6.4 ಮಿ.ಮೀ. ಬಿಡಿ, ಇಲ್ಲದಿದ್ದರೆ ಅಂಚು ಹರಿಯುತ್ತದೆ. ರಿವೆಟ್ ಉದ್ದ, ತಗಡುಗಳ ಒಟ್ಟು ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟು ಸೇರಿಸಿದಷ್ಟು. ಬಿರುಕಿನ ತುದಿಗೆ ರಂಧ್ರ ಕೊರೆಯುವುದು ತಡೆ ಅಷ್ಟೇ, ದುರಸ್ತಿಯಲ್ಲ. ಸ್ಪಾರ್ (ರೆಕ್ಕೆಯ ಮುಖ್ಯ ತೊಲೆ), ಎಂಜಿನ್ ಮೌಂಟ್‌ಗಂತೂ (ಎಂಜಿನ್ ಹೊರುವ ಚೌಕಟ್ಟು) ತಯಾರಕರ ಕೈಪಿಡಿಯಿಲ್ಲದೆ, ಪರವಾನಗಿ ಪಡೆದ ಎಂಜಿನಿಯರ್ ಇಲ್ಲದೆ ಕೈ ಹಾಕಬೇಡಿ.