ಪರಿಸರ ಸಮಸ್ಯೆಯೊಂದರ ಕಾರಣ ಮತ್ತು ಪರಿಣಾಮಗಳನ್ನು ಬಿಡಿಸಿ ನೋಡುವ ಬಗೆ

ಪರಿಸರ ಸಮಸ್ಯೆಗಳ ಕುರಿತ ಬಹುತೇಕ ಬರಹಗಳಲ್ಲಿ ಎರಡು ಪಟ್ಟಿಗಳಿರುತ್ತವೆ. ಜನಸಂಖ್ಯೆ, ಕೈಗಾರಿಕೆ, ಅರಣ್ಯನಾಶ, ಪ್ಲಾಸ್ಟಿಕ್ ಎಂಬುದು ಕಾರಣಗಳ ಪಟ್ಟಿ. ರೋಗ, ಬರ, ಪ್ರವಾಹ, ಜೀವಿಗಳ ಅಳಿವು ಎಂಬುದು ಪರಿಣಾಮಗಳ ಪಟ್ಟಿ. ಮೊದಲ ಪಟ್ಟಿಯಲ್ಲಿರುವ ಯಾವುದು ಎರಡನೆಯ ಪಟ್ಟಿಯ ಯಾವುದಕ್ಕೆ, ಯಾವ ಹಾದಿಯಲ್ಲಿ ಕಾರಣವಾಯಿತು ಎಂಬುದು ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಅರಣ್ಯನಾಶವನ್ನೇ ತೆಗೆದುಕೊಂಡರೆ, ಮಣ್ಣಿನ ಸವಕಳಿಯ ಮಟ್ಟಿಗೆ ಅದು ಕಾರಣ, ಸಾಗುವಳಿ ಭೂಮಿಯ ವಿಸ್ತರಣೆಯ ಮಟ್ಟಿಗೆ ಪರಿಣಾಮ. ಅದನ್ನು ಒಂದೇ ಪಟ್ಟಿಯಲ್ಲಿ ಕೂಡಿಸಿದ ಕೂಡಲೇ ಅರ್ಧ ವಿಷಯ ಕಳೆದುಹೋಗುತ್ತದೆ. ಯಾವುದಾದರೊಂದು ಸಮಸ್ಯೆಯ ಮೇಲೆ ವರದಿ, ಪ್ರಬಂಧ ಅಥವಾ ಮನವಿ ಬರೆಯಬೇಕಾದವರು ಪಟ್ಟಿಯನ್ನು ಬದಿಗಿಟ್ಟು ಸರಪಳಿಯನ್ನು ಹೇಗೆ ಕಟ್ಟಿಕೊಳ್ಳಬಹುದೆಂಬುದನ್ನು ಇಲ್ಲಿ ವಿವರಿಸಿದೆ.

ಮೊದಲಿಗೆ ಸಮಸ್ಯೆಯನ್ನು ಅಳೆಯಬಹುದಾದ ಒಂದು ವಾಕ್ಯವಾಗಿ ಬರೆದುಕೊಳ್ಳಬೇಕು. ‘ವಾಯುಮಾಲಿನ್ಯ ಹೆಚ್ಚಿದೆ’ ಎಂಬುದು ದೂರು, ಸಮಸ್ಯೆಯ ನಿರೂಪಣೆಯಲ್ಲ. ಏನು ಬದಲಾಯಿತು, ಎಲ್ಲಿ, ಎಂದಿನಿಂದ, ಯಾವುದಕ್ಕೆ ಹೋಲಿಸಿದರೆ ಎಂಬ ನಾಲ್ಕಕ್ಕೂ ಆ ವಾಕ್ಯದಲ್ಲಿ ಉತ್ತರವಿರಬೇಕು. ವಾತಾವರಣದ ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗಗಳಿಗೆ ಸುಮಾರು 280ರಷ್ಟಿತ್ತು. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ. ಹೀಗೆ ಬರೆದರೆ ‘ಇಷ್ಟು ಹೆಚ್ಚಿದ್ದು ಎಲ್ಲಿಂದ ಬಂತು’ ಎಂಬ ಮುಂದಿನ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಎರಡನೆಯದಾಗಿ, ಸಾಧ್ಯವಿರುವ ಕಡೆ ಸಮಸ್ಯೆಯನ್ನು ಸರಿಯಾದ ಹೊತ್ತಿನಲ್ಲಿ, ಹತ್ತಿರದಿಂದ ನೋಡಬೇಕು. ಹಸಿರುಗಟ್ಟಿದ ಒಂದು ಕೆರೆಯನ್ನು ಕಲ್ಪಿಸಿಕೊಳ್ಳಿ. ನಡುಹಗಲಿನಲ್ಲಿ ಅದರ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆದರೆ ಅಂಕಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಬಿಸಿಲಿಗೆ ಪಾಚಿಯು ಆಮ್ಲಜನಕವನ್ನು ಹೊರಬಿಡುತ್ತಿರುತ್ತದೆ. ಅದೇ ಪಾಚಿ ಇರುಳಿಡೀ ಉಸಿರಾಡಿ ಆ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ಸತ್ತು ತಳ ಸೇರಿದ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಉಳಿದದ್ದನ್ನು ಎಳೆದುಕೊಳ್ಳುತ್ತವೆ, ಹಾಗಾಗಿ ಸೂರ್ಯೋದಯಕ್ಕೆ ತುಸು ಮೊದಲು ಆಮ್ಲಜನಕ ಎಲ್ಲಕ್ಕಿಂತ ಕೆಳಗಿರುತ್ತದೆ. ಆ ಹೊತ್ತಿಗೆ ದಡದಲ್ಲಿ ನಿಂತವರಿಗೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕದಲ್ಲಿ ಹೆಚ್ಚಿನ ಮೀನುಗಳು ಬಹಳ ಹೊತ್ತು ಬದುಕಲಾರವು. ಮಧ್ಯಾಹ್ನದ ಅಳತೆ ಸುಳ್ಳಲ್ಲ, ಆದರೆ ಅದೊಂದನ್ನೇ ನಂಬಿದವರು ‘ಆಮ್ಲಜನಕ ಸಾಕಷ್ಟಿದೆ, ಮೀನಿಗೆ ಯಾರೋ ವಿಷ ಹಾಕಿರಬೇಕು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ದುಬಾರಿ ಉಪಕರಣವೂ ಬೇಡ: ಕಪ್ಪು ಬಿಳುಪು ಬಣ್ಣ ಬಳಿದ, ಸುಮಾರು 20 ಸೆಂ.ಮೀ. ಅಗಲದ ತಟ್ಟೆಯನ್ನು ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಬರೆದುಕೊಂಡರಾಯಿತು. ಸೆಕಿ ತಟ್ಟೆ ಎಂಬ ಈ ಸಾಧನದ ಮೊದಲ ರೂಪ 1865ರಷ್ಟು ಹಳೆಯದು.

ಇಲ್ಲಿಂದ ಹಿಂದಕ್ಕೆ ನಡೆಯಬೇಕು. ಮೀನು ಸತ್ತದ್ದು ಆಮ್ಲಜನಕದ ಕೊರತೆಯಿಂದ, ಕೊರತೆ ಬಂದದ್ದು ಪಾಚಿಯಿಂದ, ಪಾಚಿ ಬೆಳೆದದ್ದು ಪೋಷಕಾಂಶಗಳಿಂದ, ಪೋಷಕಾಂಶ ಬಂದದ್ದು ಕೊಳಚೆ ನೀರಿನಿಂದ ಅಥವಾ ಹೊಲದ ಗೊಬ್ಬರದಿಂದ. ಪ್ರತಿ ಕೊಂಡಿಯಲ್ಲಿಯೂ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿಕೊಳ್ಳಬೇಕು: ಇದು ನಿಜವಾಗಿ ಕಾರಣವೇ, ಅಥವಾ ಜೊತೆಯಲ್ಲಿ ಕಾಣಿಸಿಕೊಂಡ ಸಂಗಾತಿಯೇ? ಕೊಳಚೆಯಲ್ಲಿ ಇಂಗಾಲ, ಸಾರಜನಕ, ರಂಜಕ ಮೂರೂ ಇರುವುದರಿಂದ, ತಪ್ಪು ಯಾವುದರದ್ದು ಎಂಬ ವಾದ 1960ರ ದಶಕದ ಕೊನೆಯಲ್ಲಿ ಬಿರುಸಾಗಿತ್ತು. ಬಟ್ಟೆ ಒಗೆಯುವ ಮಾರ್ಜಕಗಳಲ್ಲಿ ಆಗ ರಂಜಕ ಧಾರಾಳವಾಗಿದ್ದುದರಿಂದ ಈ ವಾದ ಬರಿಯ ವಿಜ್ಞಾನದ್ದಾಗಿರಲಿಲ್ಲ, ವ್ಯಾಪಾರದ್ದೂ ಆಗಿತ್ತು. 1973ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226 ಎಂಬ ಸಂಖ್ಯೆಯಿಂದ ಗುರುತಿಸಲಾಗುವ ಸರೋವರದ ಸೊಂಟದಂತಹ ಕಿರಿದಾದ ಭಾಗದಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿ ಅದನ್ನು ಎರಡಾಗಿ ವಿಂಗಡಿಸಿದರು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದು ಪಾಲಿಗೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಪಾಲು ಮಾತ್ರ ಪಾಚಿಯಿಂದ ಹಸಿರಾಯಿತು. ಆಕಾಶದಿಂದ ತೆಗೆದ ಅದರ ಛಾಯಾಚಿತ್ರವನ್ನು ನೋಡಿದವರಿಗೆ ಕೋಷ್ಟಕದ ಅಗತ್ಯ ಬೀಳುವುದಿಲ್ಲ.

ಇಂಥ ಪ್ರಯೋಗ ಎಲ್ಲ ಕಡೆ ಸಾಧ್ಯವಿಲ್ಲ. ಭೂಮಿಗೆ ಪರದೆ ಕಟ್ಟಲಾಗದು. ಅಂಥಲ್ಲಿ ಕಾರಣವು ಬಿಟ್ಟುಹೋದ ಗುರುತನ್ನು ಹುಡುಕಬೇಕು. ಕಲ್ಲಿದ್ದಲು ಮತ್ತು ತೈಲ ಬಹಳ ಹಳೆಯವಾದ್ದರಿಂದ ಅವುಗಳ ಇಂಗಾಲದಲ್ಲಿ ವಿಕಿರಣಶೀಲ ಇಂಗಾಲ-14 ಉಳಿದಿರುವುದಿಲ್ಲ, ಸಸ್ಯಮೂಲದ್ದಾದ್ದರಿಂದ ಇಂಗಾಲದ ತುಸು ಭಾರವಾದ ರೂಪವಾದ ಇಂಗಾಲ-13ರ ಪಾಲೂ ಕಡಿಮೆ. ವಾತಾವರಣದ ಇಂಗಾಲದಲ್ಲಿ ಇವೆರಡೂ ತೆಳುವಾಗುತ್ತ ಬಂದಿರುವುದರ ಜೊತೆಗೆ ಗಾಳಿಯ ಆಮ್ಲಜನಕವೂ ಅತ್ಯಲ್ಪ ಪ್ರಮಾಣದಲ್ಲಿ ಇಳಿಯುತ್ತಿದೆ. ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಜ್ವಾಲಾಮುಖಿಗಳಿಂದ ಬಂದಿದ್ದರೆ ಆಮ್ಲಜನಕ ಹೀಗೆ ಇಳಿಯಬೇಕಾಗಿರಲಿಲ್ಲ. ಏನನ್ನೋ ಸುಟ್ಟಾಗ ಮಾತ್ರ ಇದು ಹೊಂದುತ್ತದೆ.

ಹಿಂದಕ್ಕೆ ನಡೆಯುವಾಗ ರಸಾಯನ ವಿಜ್ಞಾನ ಮುಗಿದ ಕಡೆಯೇ ನಿಂತುಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. 1960ರ ಸುಮಾರಿಗೆ ಸುಮಾರು 68,000 ಚದರ ಕಿ.ಮೀ. ಹರಡಿದ್ದ ಮಧ್ಯ ಏಷ್ಯಾದ ಅರಲ್ ಸಮುದ್ರ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿತ್ತು. ಅದು ಒಣಗಿದ್ದೇಕೆ ಎಂದರೆ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳ ನೀರು ಅದಕ್ಕೆ ತಲುಪದೆ ಹೋದದ್ದರಿಂದ ಎಂಬುದು ಹತ್ತಿರದ ಕಾರಣ. ನೀರು ಹತ್ತಿಯ ಹೊಲಗಳಿಗೆ ತಿರುಗಿತ್ತು ಎಂಬುದು ಅದರ ಹಿಂದಿನದು. ಮರುಭೂಮಿಯಲ್ಲಿ ಹತ್ತಿಯನ್ನು ವಿಸ್ತರಿಸಬೇಕೆಂದು ಸೋವಿಯತ್ ಯೋಜನಾಕಾರರು ಗುರಿ ನಿಗದಿ ಮಾಡಿದ್ದು ಇನ್ನೂ ಹಿಂದಿನದು. ಮಣ್ಣಿನ ಕಾಲುವೆಗಳಲ್ಲಿ ನೀರಿನ ದೊಡ್ಡ ಪಾಲು ಹೊಲ ಸೇರುವ ಮೊದಲೇ ಇಂಗಿಹೋಗುತ್ತಿತ್ತು ಎಂಬುದು ಪಕ್ಕದಿಂದ ಸೇರಿಕೊಂಡ ಕಾರಣ. ಇವುಗಳಲ್ಲಿ ಯಾವುದು ನಿಜವಾದದ್ದು ಎಂದು ಕೇಳುವುದು ವ್ಯರ್ಥ, ಎಲ್ಲವೂ ನಿಜವೇ. ಯಾವುದನ್ನು ಯಾರು ಬದಲಿಸಬಹುದಾಗಿತ್ತು ಎಂದು ಪ್ರತಿಯೊಂದರ ಮುಂದೆಯೂ ಬರೆದಿಡುವುದು ಉಪಯುಕ್ತ. ಹಾಗೆ ಬರೆಯುವಾಗ ‘ಮಾನವನ ದುರಾಸೆ’ ಎಂಬ ಕಾರಣವನ್ನು ದಯವಿಟ್ಟು ಸೇರಿಸಬೇಡಿ. ಅದು ಎಲ್ಲ ಸಮಸ್ಯೆಗೂ ಒಪ್ಪುವುದರಿಂದ ಯಾವುದನ್ನೂ ವಿವರಿಸುವುದಿಲ್ಲ.

ಪರಿಣಾಮಗಳ ಕಡೆ ಮುಂದಕ್ಕೆ ನಡೆಯುವಾಗ ದೂರ ಮತ್ತು ಕಾಲ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಕೆನಡಾದ ಸಡ್ಬರಿಯಲ್ಲಿ ನಿಕಲ್ ಕರಗಿಸುವ ಘಟಕದ ಗಂಧಕದ ಹೊಗೆ ಸುತ್ತಲಿನ ಗಿಡಮರಗಳನ್ನು ಬೋಳಿಸಿದಾಗ, 1972ರಲ್ಲಿ 381 ಮೀಟರ್ ಎತ್ತರದ ಹೊಗೆಕೊಳವೆಯನ್ನು ಬಳಕೆಗೆ ತರಲಾಯಿತು. ಊರಿನ ಗಾಳಿ ಸುಧಾರಿಸಿತು, ಗಂಧಕ ಮಾತ್ರ ದೂರದ ಪ್ರದೇಶಗಳ ಮೇಲೆ ಚದುರಿ ಬೀಳತೊಡಗಿತು. ಊರಿನೊಳಗಷ್ಟೇ ಅಳೆದವರ ವರದಿಯಲ್ಲಿ ಸಮಸ್ಯೆ ಬಗೆಹರಿದಂತೆಯೇ ಕಾಣುತ್ತದೆ. ಕಾಲದ ಅಂತರಕ್ಕೆ ಓಝೋನ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. ಶೀತಕಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ವಿಷವೂ ಅಲ್ಲ, ಹೊತ್ತಿಕೊಳ್ಳುವುದೂ ಇಲ್ಲ ಎಂಬ ಕಾರಣಕ್ಕೇ ಮೆಚ್ಚುಗೆ ಪಡೆದಿದ್ದವು. ಕೆಳಗೆ ಒಡೆಯದ ಆ ಗುಣದಿಂದಲೇ ಅವು ಮೇಲಿನ ವಾಯುಪದರವನ್ನು ತಲುಪಿ ಅಲ್ಲಿ ಓಝೋನನ್ನು ನಾಶಮಾಡಬಲ್ಲವೆಂದು 1974ರಲ್ಲಿ ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು, 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ರಂಧ್ರದ ವರದಿ ಪ್ರಕಟವಾಯಿತು, 1987ರಲ್ಲಿ ಇವುಗಳ ಬಳಕೆಯನ್ನು ತಗ್ಗಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಇಷ್ಟಾದರೂ ಅಂಟಾರ್ಕ್ಟಿಕದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂಬುದು ವಿಶ್ವಸಂಸ್ಥೆಯ ಬೆಂಬಲದ 2022ರ ಮೌಲ್ಯಮಾಪನದ ಅಂದಾಜು.

ಯಾರೂ ಊಹಿಸದ ಪಕ್ಕದ ಕವಲುಗಳಿಗೂ ಕಾಗದದಲ್ಲಿ ಜಾಗ ಬಿಡಿ. ದನಕರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆಂದು 2004ರಲ್ಲಿ ತಿಳಿದುಬರುವ ಹೊತ್ತಿಗೆ, ಭಾರತ ಉಪಖಂಡದ ಕೆಲವು ಜಾತಿಯ ರಣಹದ್ದುಗಳು ನೂರಕ್ಕೆ 95ಕ್ಕಿಂತಲೂ ಹೆಚ್ಚು ಅಳಿದಿದ್ದವು. ಭಾರತ ಆ ಔಷಧಿಯ ಪಶು ಬಳಕೆಯನ್ನು 2006ರಲ್ಲಿ ನಿಷೇಧಿಸಿತು. ಔಷಧಿಯ ಚೀಟಿಯಲ್ಲಿ ಬರೆದ ಅಡ್ಡಪರಿಣಾಮಗಳಲ್ಲಿ ಹಕ್ಕಿಗಳ ಸುದ್ದಿಯೇ ಇರುವುದಿಲ್ಲ.

ಸರಪಳಿ ಕೆಲವೊಮ್ಮೆ ತಿರುಗಿ ಬಂದು ತನ್ನ ಬಾಲವನ್ನೇ ಕಚ್ಚುತ್ತದೆ. ಮತ್ತೆ ಆ ಹಸಿರು ಕೆರೆಯನ್ನೇ ನೋಡಿ: ತಳದಲ್ಲಿ ಆಮ್ಲಜನಕ ಮುಗಿದಾಗ, ಕೆಸರಿನಲ್ಲಿ ಕಬ್ಬಿಣದೊಡನೆ ಬಂಧಿತವಾಗಿದ್ದ ರಂಜಕ ಬಿಡಿಸಿಕೊಂಡು ನೀರಿಗೆ ಸೇರುತ್ತದೆ, ಅದು ಮತ್ತಷ್ಟು ಪಾಚಿಯನ್ನು ಬೆಳೆಸುತ್ತದೆ. ಆದ್ದರಿಂದಲೇ ಕೊಳಚೆಯನ್ನು ಪೂರ್ತಿ ತಡೆದ ಮೇಲೂ ಕೆರೆ ಎಷ್ಟೋ ವರ್ಷ ಹಸಿರಾಗಿಯೇ ಇರಬಹುದು, ಅದನ್ನು ನೋಡಿ ‘ಕೊಳಚೆ ಕಾರಣವೇ ಅಲ್ಲ’ ಎಂದು ತೀರ್ಮಾನಿಸುವವರೂ ಇರುತ್ತಾರೆ. ಅರಲ್‌ನಲ್ಲಿಯೂ ಇದೇ ಬಗೆ: ಒಣಗಿದ ತಳದ ಉಪ್ಪು ಧೂಳಾಗಿ ಎದ್ದು ಹೊಲಗಳ ಮೇಲೆ ಬಿತ್ತು, ಉಪ್ಪನ್ನು ತೊಳೆಯಲು ಹೊಲಕ್ಕೆ ಇನ್ನಷ್ಟು ನೀರು ಬೇಕಾಯಿತು, ಆ ನೀರು ಬರಬೇಕಾದದ್ದು ಅದೇ ನದಿಗಳಿಂದ. ಇಂಥ ಸುತ್ತುಗಳನ್ನು ಬಾಣದ ಗುರುತಿನಿಂದ ವೃತ್ತವಾಗಿಯೇ ಬರೆಯಬೇಕು, ನೇರ ಗೆರೆಯಲ್ಲಿ ಅವು ಕಾಣುವುದಿಲ್ಲ.

ಕೊನೆಗೆ, ಬರೆದ ನಕ್ಷೆಯ ಪ್ರತಿ ಬಾಣದ ಮೇಲೂ ಅದಕ್ಕಿರುವ ಆಧಾರವನ್ನು ಗುರುತಿಸಿ: ಅಳೆದದ್ದಾದರೆ ದಪ್ಪ ಗೆರೆ, ಬೇರೆ ಕಡೆಯ ಅನುಭವದಿಂದ ಊಹಿಸಿದ್ದಾದರೆ ಚುಕ್ಕಿ ಗೆರೆ. ಅನಂತರ ಯಾವ ಕೊಂಡಿಯನ್ನು ಕತ್ತರಿಸಿದರೆ ಏನು ಮರಳುತ್ತದೆ, ಏನು ಮರಳುವುದಿಲ್ಲ ಎಂದು ಕೇಳಿಕೊಳ್ಳಿ. ಕಝಾಕಿಸ್ತಾನವು 2005ರಲ್ಲಿ ಕೋಕ್-ಅರಲ್ ಒಡ್ಡನ್ನು ಪೂರ್ಣಗೊಳಿಸಿ ಸಿರ್ ದರಿಯಾದ ನೀರನ್ನು ಉತ್ತರದ ಸಣ್ಣ ಅರಲ್‌ನಲ್ಲಿ ತಡೆದಾಗ, ಅಲ್ಲಿ ಮಟ್ಟ ಏರಿ, ಉಪ್ಪಿನಂಶ ಇಳಿದು, ಮೀನುಗಾರಿಕೆ ಮತ್ತೆ ಆರಂಭವಾಯಿತು. ಅಮು ದರಿಯಾವನ್ನು ನಂಬಿದ್ದ ದಕ್ಷಿಣದ ಪಾಲಿಗೆ ಆ ಒಡ್ಡಿನಿಂದ ಏನೂ ಬರಲಿಲ್ಲ. ಹಿಂದೆ ಅಲ್ಲಿನ ಬಂದರಾಗಿದ್ದ ಉಜ್ಬೇಕಿಸ್ತಾನದ ಮೊಯ್ನಾಕ್‌ನಲ್ಲಿ ತುಕ್ಕು ಹಿಡಿದ ದೋಣಿಗಳು ಇಂದಿಗೂ ಮರಳಿನ ಮೇಲೆ ನಿಂತಿವೆ.