ಅಲ್ಲಾಡಿಸಿದರೆ ರಾಗಿ ಹೇಗೆ ಕೇಳುತ್ತದೆ?

ನಾನು ಅಂಗನವಾಡಿ ಕಾರ್ಯಕರ್ತೆ. ನನ್ನ ಹತ್ತಿರ ಬರುವವರು 3ರಿಂದ 6 ವರ್ಷದ ಮಕ್ಕಳು. “ಅ ಆ ಯಾವಾಗ ಬರೆಸ್ತೀರಿ ಟೀಚರ್?” ಅಂತ ತಾಯಂದಿರು ಕೇಳುತ್ತಲೇ ಇರುತ್ತಾರೆ. ಕೈಗಿಂತ ಮೊದಲು ಕಿವಿ ಪಳಗಬೇಕು ಅಂತ ನಾನು ಹೇಳುತ್ತೇನೆ. ಅದಕ್ಕೇ ದಿನಾ ಬೆಳಿಗ್ಗೆ 10 ನಿಮಿಷ ಕೇಳುವ ಆಟ.

ಶುರು ಮಾಡಿದ್ದು ಡಬ್ಬಿಗಳಿಂದ. ಒಂದೇ ಥರದ 8 ಸಣ್ಣ ಡಬ್ಬಿ ಸೇರಿಸಿದೆ. ಎರಡಕ್ಕೆ ರಾಗಿ, ಎರಡಕ್ಕೆ ಕಡಲೆಕಾಳು, ಎರಡಕ್ಕೆ ಹುಣಸೆ ಬೀಜ, ಎರಡಕ್ಕೆ ಮರಳು. ಒಳಗಿರುವುದು ಕಾಣದ ಹಾಗೆ ಕಾಗದ ಸುತ್ತಿ, ಮುಚ್ಚಳಕ್ಕೆ ಟೇಪ್ ಬಿಗಿದೆ. ಟೇಪ್ ಮಾತ್ರ ಮರೆಯಬೇಡಿ, ಈ ವಯಸ್ಸಿನವರು ಕಾಳನ್ನು ಮೂಗಿಗೆ ಹಾಕಿಕೊಂಡುಬಿಡುತ್ತಾರೆ. ಅಲ್ಲಾಡಿಸಿ ಜೋಡಿ ಹುಡುಕಬೇಕು. ಹುಣಸೆ ಬೀಜ ಸುಲಭ, ಕಟಕಟ ಅನ್ನುತ್ತದೆ. ರಾಗಿ ಯಾವುದು, ಮರಳು ಯಾವುದು ಅಂತ ಹೇಳೋದು ದೊಡ್ಡವರಿಗೂ ಕಷ್ಟ. ಮಕ್ಕಳು ಡಬ್ಬಿಯನ್ನು ಕಿವಿಗೆ ಒತ್ತಿ, ಉಸಿರು ಬಿಗಿಹಿಡಿದು ಕೇಳುತ್ತಾರೆ. “ರಾಗಿ ಮಳೆ ಥರ, ಮರಳು ಅಜ್ಜಿ ಕಸ ಗುಡಿಸೋ ಥರ” ಅಂದ ಒಬ್ಬ ಹುಡುಗ. ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದ ಅಲ್ವಾ!

ಆಮೇಲೆ ಕಣ್ಣು ಮುಚ್ಚುವ ಆಟ. ಹಿಂದೆ ನಿಂತು ಲೋಟಕ್ಕೆ ನೀರು ಸುರಿಯುತ್ತೇನೆ, ಬೀಗದ ಕೈ ಅಲ್ಲಾಡಿಸುತ್ತೇನೆ, ಕಾಗದ ಹರಿಯುತ್ತೇನೆ. ಒಬ್ಬ ಹುಡುಗಿ ಯಾವತ್ತೂ ಪಕ್ಕದವರನ್ನು ನೋಡಿಕೊಂಡು ಉತ್ತರ ಹೇಳುತ್ತಿದ್ದಳು. ಕಣ್ಣು ಮುಚ್ಚಿಸಿದ ದಿನ ಸುಮ್ನೆ ಕೂತುಬಿಟ್ಟಳು. ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಡಾಕ್ಟರಿಗೆ ತೋರಿಸಿ ಅಂತ ಅವರಮ್ಮನಿಗೆ ಹೇಳಿದೆ. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಿನ ಹಾಗೆ ಕೂತಿತ್ತಂತೆ. ಅಲ್ಲಿಯವರೆಗೆ ಅವಳನ್ನು ‘ಹೇಳಿದ ಮಾತು ಕೇಳದ ಮಗು’ ಅಂದುಕೊಂಡಿದ್ದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಸದ್ದು ಆದಮೇಲೆ ಮಾತು. ಹೆಸರಿಗೆ ಚಪ್ಪಾಳೆ ತಟ್ಟುವುದು: ಅ-ವ-ರೆ, ಮೂರು ಚಪ್ಪಾಳೆ. ಇದು ಬೇಗ ಬರುತ್ತದೆ. ಲ-ಳ ವ್ಯತ್ಯಾಸ ಹಾಗಲ್ಲ, ತಿಂಗಳುಗಟ್ಟಲೆ ಆಡಬೇಕು. ನಾನು ‘ಹುಲಿ’ ಅಂದರೆ ಉಗುರು ತೋರಿಸಿ ಗರ್ ಅನ್ನಬೇಕು, ‘ಹುಳಿ’ ಅಂದರೆ ಮುಖ ಹಿಂಡಬೇಕು. ಕೆಲವರಿಗೆ ಳ ಇನ್ನೂ ಬಾಯಿಗೆ ಬಂದಿಲ್ಲ, ಆದರೂ ಮುಖ ಮಾತ್ರ ಸರಿಯಾಗಿ ಹಿಂಡುತ್ತಾರೆ. ಅಂಥವರನ್ನು ಹೇಳು ಹೇಳು ಅಂತ ಪೀಡಿಸುವುದಿಲ್ಲ. ಈ ವಾರ ‘ಕರು’, ‘ಕಾರು’ ಶುರು ಮಾಡಿದ್ದೇವೆ. ಅರ್ಧ ಜನ ಅಂಬಾ, ಅರ್ಧ ಜನ ಪೀಂ ಪೀಂ.